ರವಿಕೆಯ ಸಾಮಾನಿನಲ್ಲಿ ಕೋಟಿನ ರಿಪೇರಿ

ರಿಪೇರಿಗೆ ಬಂದದ್ದು ನನ್ನ ಸೋದರಮಾವನವರ ಕೋಟು. ಬೂದಿ ಬಣ್ಣದ ಉಣ್ಣೆ ಬಟ್ಟೆ, ಕುತ್ತಿಗೆಯನ್ನು ಪೂರ್ತಿ ಮುಚ್ಚುವ ಕಾಲರು, ಮುಂದೆ ಆರು ಗುಂಡಿ. ಮೈಸೂರಿನ ಹಳೆಯ ಗ್ರೂಪ್ ಫೋಟೋಗಳಲ್ಲಿ ಉಪಾಧ್ಯಾಯರೂ ಗುಮಾಸ್ತರೂ ಪೇಟ ಧರಿಸಿ ಸಾಲಾಗಿ ಕುಳಿತಿರುವಾಗ ಕಾಣುವ ಕೋಟು ಇದೇ ಬಗೆಯದು. ಮಗಳ ಧಾರೆಯ ದಿನ ಇದನ್ನೇ ತೊಡಬೇಕೆಂದು ಅವರು ನಿಶ್ಚಯಿಸಿದ್ದರು. ಹೊರಬಟ್ಟೆ ಗಟ್ಟಿಯಾಗಿಯೇ ಇತ್ತು. ನುಸಿ ತಿಂದ ಎರಡು ಸಣ್ಣ ತೂತುಗಳನ್ನೂ ಬಲತೋಳಿನ ತುದಿಯ ಸವೆತವನ್ನೂ ಬಿಟ್ಟರೆ ಅದಕ್ಕೆ ಹೆಚ್ಚೇನೂ ಆಗಿರಲಿಲ್ಲ. ಕೆಟ್ಟದ್ದೆಲ್ಲ ಒಳಗಡೆ. ಕಂಕುಳ ಬಳಿ ಅಸ್ತರು, ಅಂದರೆ ಒಳಪದರದ ಬಟ್ಟೆ, ಹರಿದು ಜೋತುಬಿದ್ದಿತ್ತು, ಎರಡೂ ಜೇಬುಗಳ ತಳ ತೂತಾಗಿತ್ತು, ಕಾಲರಿನೊಳಗಿನ ಕ್ಯಾನ್ವಾಸಿನ ಬಿಗಿ ಹೋಗಿ ಕಾಲರು ನಿಲ್ಲದೆ ಮಡಚಿಕೊಳ್ಳುತ್ತಿತ್ತು, ಅದನ್ನು ಕೂಡಿಸುವ ಹುಕ್ಕು ಕಿತ್ತುಹೋಗಿತ್ತು, ಕೆಳಗಿನಿಂದ ಎರಡನೆಯ ಗುಂಡಿ ಇರಲೇ ಇಲ್ಲ. ಸೂಟು ಹೊಲಿಯುವ ಅಂಗಡಿಯೊಂದರಲ್ಲಿ ವಿಚಾರಿಸಿದಾಗ, ಹಳೆಯ ಕೋಟನ್ನು ಬಿಚ್ಚುವ ಕೆಲಸಕ್ಕೆ ಕೈಹಾಕುವುದಿಲ್ಲ, ಬೇಕಾದರೆ ಹೊಸದನ್ನು ಹೊಲಿದು ಕೊಡುತ್ತೇವೆ ಎಂದರು. ನಮ್ಮ ಮನೆಯಲ್ಲಿ ಕಾಲಿನಿಂದ ತುಳಿಯುವ ಉಷಾ ಕಂಪನಿಯ ಕಪ್ಪು ಮಿಷನ್ನು ಇದೆ, ರವಿಕೆ, ಲಂಗ, ಷರ್ಟು ಹೊಲಿದ ಅಭ್ಯಾಸವೂ ಇದೆ; ಆದ್ದರಿಂದ ಕೆಲಸವನ್ನು ನಾನೇ ಒಪ್ಪಿಕೊಂಡೆ. ಹೊಲಿಗೆಗಿಂತ ಸಾಮಾನು ಹೊಂದಿಸುವುದೇ ಹೆಚ್ಚು ಹೊತ್ತು ಹಿಡಿಯಿತಾದ್ದರಿಂದ ಇಲ್ಲಿಯೂ ಅದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಬಿಚ್ಚಿದ್ದು

ಮೊದಲು ಕೋಟನ್ನು ಒಳಮಗ್ಗುಲು ಮಾಡಿ ಹಾಸಿ, ಅಸ್ತರಿನ ಪ್ರತಿ ತುಂಡಿನ ಮೇಲೂ ಅದು ಎಡದ್ದೋ ಬಲದ್ದೋ, ಯಾವ ತುದಿ ಮೇಲಕ್ಕೆ ಬರುತ್ತದೆ ಎಂಬುದನ್ನು ಚಾಕಿನಿಂದ ಬರೆದು, ಟೇಪು ಹಿಡಿದು ಎಲ್ಲ ಅಳತೆಗಳನ್ನೂ ಪುಸ್ತಕದಲ್ಲಿ ಗುರುತುಮಾಡಿಕೊಂಡೆ. ಅಸ್ತರನ್ನು ಮೈಬಟ್ಟೆಗೆ ಸೇರಿಸಿದ್ದು ಬಹುಪಾಲು ಕೈಹೊಲಿಗೆ. ಬ್ಲೇಡಿನ ತುದಿಯಿಂದ ನಾಲ್ಕೈದು ಹೊಲಿಗೆಗೊಂದರಂತೆ ಕತ್ತರಿಸಿ ದಾರದ ಕೊನೆಯನ್ನು ಎಳೆದರೆ ಬಟ್ಟೆಗೆ ಪೆಟ್ಟಾಗದೆ ಬಿಟ್ಟುಕೊಳ್ಳುತ್ತದೆ.

ಬೆನ್ನಿನ ಅಸ್ತರಿನ ನಡುವೆ ಕುತ್ತಿಗೆಯಿಂದ ಕೆಳಅಂಚಿನವರೆಗೆ ಒಂದು ಅಂಗುಲ ಆಳದ ಮಡಿಕೆಯೊಂದಿತ್ತು. ಕೈಯನ್ನು ಮುಂದಕ್ಕೆ ಚಾಚಿದಾಗ ಉಣ್ಣೆ ಬಟ್ಟೆ ಸ್ವಲ್ಪ ಹಿಗ್ಗುತ್ತದೆ, ಅಸ್ತರು ಹಿಗ್ಗುವುದಿಲ್ಲ. ಆ ಕೊರತೆಯನ್ನು ತುಂಬಿಕೊಡುವುದೇ ಈ ಮಡಿಕೆಯ ಕೆಲಸ. ಹಿಂದೆ ಯಾವಾಗಲೋ ಯಾರೋ ಅದನ್ನು ಮೇಲಿನಿಂದ ಕೆಳಗಿನವರೆಗೆ ಮಿಷನ್ನಿನಲ್ಲಿ ಹೊಲಿದು ಮುಚ್ಚಿಬಿಟ್ಟಿದ್ದರು. ಅಸ್ತರು ಕಂಕುಳಲ್ಲೇ ಬಿರಿದದ್ದಕ್ಕೆ ಬೇರೆ ಕಾರಣ ಹುಡುಕಬೇಕಾಗಲಿಲ್ಲ.

ಎದೆಯ ಭಾಗದ ಕ್ಯಾನ್ವಾಸಿನ ಅಡ್ಡ ಎಳೆಗಳಲ್ಲಿ ಕುದುರೆಯ ಕೂದಲಿತ್ತು. ಮುಷ್ಟಿಯಲ್ಲಿ ಹಿಂಡಿ ಬಿಟ್ಟರೆ ಅದು ಈಗಲೂ ಪುಟಿದು ತನ್ನ ಆಕಾರಕ್ಕೆ ಮರಳುತ್ತಿತ್ತಾದ್ದರಿಂದ ಅದನ್ನು ಮುಟ್ಟುವ ಅಗತ್ಯ ಬೀಳಲಿಲ್ಲ. ಕಾಲರಿನೊಳಗಿನ ದಪ್ಪ ಹತ್ತಿಯ ಕ್ಯಾನ್ವಾಸು ಮಾತ್ರ ಬೆವರು ಕುಡಿದು ಕುಡಿದು ಹಳೆಯ ದೀಪದ ಬತ್ತಿಯಂತೆ ಮೆತ್ತಗಾಗಿತ್ತು. ಬಿಚ್ಚಿದ ಅಸ್ತರಿನ ತುಂಡುಗಳನ್ನು ಇಸ್ತ್ರಿ ಮಾಡಿ, ಕಂದು ಕಾಗದದ ಮೇಲಿಟ್ಟು ಗೆರೆ ಎಳೆದು ನಮೂನೆ ಕತ್ತರಿಸಿಟ್ಟುಕೊಂಡೆ.

ಅಸ್ತರಿನ ಬಟ್ಟೆ

ಮೈಸೂರಿನಲ್ಲಿ ಬಟ್ಟೆ ಸಿಗುವುದಿಲ್ಲವೆಂದರೆ ಯಾರೂ ನಂಬಲಾರರು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ೧೯೧೨ರಲ್ಲಿ, ಆರಂಭವಾದ ರೇಷ್ಮೆ ನೇಯ್ಗೆ ಕಾರ್ಖಾನೆ ಮಾನಂದವಾಡಿ ರಸ್ತೆಯಲ್ಲಿ ಇವತ್ತಿಗೂ ಸೀರೆ ನೇಯುತ್ತಿದೆ; ಸಯ್ಯಾಜಿ ರಾವ್ ರಸ್ತೆ, ಅಶೋಕ ರಸ್ತೆ, ದೇವರಾಜ ಅರಸು ರಸ್ತೆಗಳಲ್ಲಿ ಸೀರೆಯ ಮಳಿಗೆಗಳಿಗೂ ಸಿದ್ಧ ಉಡುಪಿನ ಮಳಿಗೆಗಳಿಗೂ ಕೊರತೆಯಿಲ್ಲ. ಕಡಮೆಯಾಗಿರುವುದು ಬಟ್ಟೆಯ ತಾನು ಬಿಚ್ಚಿ ಮೀಟರ್ ಲೆಕ್ಕದಲ್ಲಿ ಕತ್ತರಿಸಿ ಕೊಡುವ ಅಂಗಡಿ, ಮತ್ತು ಅದರ ಮಗ್ಗುಲಲ್ಲೇ ಇರುತ್ತಿದ್ದ, ಗುಂಡಿ, ಹುಕ್ಕು, ದಾರ, ಬಕ್ರಂ ಮುಂತಾದವನ್ನು ಬಿಡಿಯಾಗಿ ಮಾರುವ ಸಣ್ಣ ಅಂಗಡಿ. ದೇವರಾಜ ಮಾರುಕಟ್ಟೆಯ ಸುತ್ತಲಿನ ಬೀದಿಗಳಲ್ಲಿ ನನಗೆ ನೆನಪಿರುವ ಅಂಥ ಅಂಗಡಿಗಳ ಜಾಗದಲ್ಲಿ ಈಗ ಮೊಬೈಲಿನ ಕವರು, ಚಪ್ಪಲಿ, ಸಿದ್ಧ ಉಡುಪು ಮಾರುತ್ತಾರೆ. ಮಂಡ್ಯದ ಪೇಟೆ ಬೀದಿಯ ಸ್ಥಿತಿಯೂ ಇದಕ್ಕಿಂತ ಬೇರೆಯಾಗಿಲ್ಲ.

ಉಳಿದುಕೊಂಡಿರುವುವು ಮ್ಯಾಚಿಂಗ್ ಸೆಂಟರ್‌ಗಳು. ಅವು ಉಳಿದದ್ದು ರವಿಕೆಯ ದೆಸೆಯಿಂದ. ಷರ್ಟು, ಪ್ಯಾಂಟು, ಮಕ್ಕಳ ಉಡುಪುಗಳೆಲ್ಲ ಸಿದ್ಧವಾಗಿ ಸಿಗತೊಡಗಿದ ಮೇಲೂ ಸೀರೆಯ ರವಿಕೆಯನ್ನು ಮಾತ್ರ ಹೆಚ್ಚಿನವರು ಮೈಯಳತೆ ಕೊಟ್ಟೇ ಹೊಲಿಸುತ್ತಾರೆ. ಹಿಂದೆ ಶಾಲೆ ತೆರೆಯುವ ಜೂನ್ ತಿಂಗಳು ಬಟ್ಟೆ ಅಂಗಡಿಗೂ ದರ್ಜಿಗೂ ಬಿಡುವಿಲ್ಲದ ಕಾಲವಾಗಿತ್ತು. ಈಗ ಅನೇಕ ಶಾಲೆಗಳು ಸಮವಸ್ತ್ರವನ್ನು ಹೊಲಿಸಿಯೇ ಕೊಡುತ್ತವೆ. ಮದ್ದೂರು, ಶ್ರೀರಂಗಪಟ್ಟಣ, ಮೈಸೂರಿನ ಸುತ್ತ ಗಾರ್ಮೆಂಟ್ಸ್ ಕಾರ್ಖಾನೆಗಳಿವೆ, ಅಲ್ಲಿ ಹೊಲಿಗೆ ಬಲ್ಲ ಹೆಣ್ಣುಮಕ್ಕಳು ಬೇಕಾದಷ್ಟು ಜನ ದುಡಿಯುತ್ತಾರೆ. ಆದರೆ ಆ ಕಾರ್ಖಾನೆಗಳು ದಾರವನ್ನು ಕೋನಿನ ಲೆಕ್ಕದಲ್ಲೂ ಗುಂಡಿಯನ್ನು ೧೪೪ರ ಗ್ರೋಸ್ ಲೆಕ್ಕದಲ್ಲೂ ನೇರವಾಗಿ ತರಿಸಿಕೊಳ್ಳುವುದರಿಂದ ಅದರಲ್ಲಿ ಒಂದು ಎಳೆಯೂ ಪೇಟೆಯ ಅಂಗಡಿಯನ್ನು ಹಾದುಹೋಗುವುದಿಲ್ಲ. ಹೀಗಾಗಿ ರವಿಕೆಗೆ ಬೇಕಾದ ವಸ್ತುಗಳೆಲ್ಲ ನೂರು ಬಣ್ಣದಲ್ಲಿ ಸಿಗುತ್ತವೆ. ರವಿಕೆಗೆ ಬೇಡವಾದದ್ದು ಯಾವುದಿದ್ದರೂ ಅದು ಇಂದಲ್ಲ ನಾಳೆ ಕಪಾಟಿನಿಂದ ಇಳಿಯುತ್ತದೆ. ಕೋಟಿನ ಅಸ್ತರು ಇಳಿದು ಬಹಳ ಕಾಲವಾಗಿದೆ.

"ಅದನ್ನ ಈಗ ಯಾರಮ್ಮ ಕೇಳ್ತಾರೆ?" ಎಂದರು ಸಂತೇಪೇಟೆಯ ಕಡೆಯ ಒಬ್ಬ ವಯಸ್ಸಾದ ಅಂಗಡಿಯವರು. "ತರಿಸಿದ್ರೆ ಪೂರ್ತಿ ತಾನು ತರಿಸ್ಬೇಕು. ನಿಮಗೆ ಎರಡು ಮೀಟರ್ ಕೊಟ್ಟು ಮಿಕ್ಕಿದ್ದನ್ನ ನಾನು ಎಲ್ಲಿಡ್ಲಿ? ಸೂಟ್ ಹೊಲಿಯೋರು ಚಿಕ್ಕಪೇಟೆಯಿಂದಲೇ ತಂದುಕೋತಾರೆ." ಅವರ ಮಾತಿನಲ್ಲಿ ತಪ್ಪೇನೂ ಇಲ್ಲ. ಆನ್‌ಲೈನಿನಲ್ಲಿಯೂ ಅಂಥ ಬಟ್ಟೆ ಸಿಗುತ್ತದೆ, ಆದರೆ ಬೂದಿ ಬಣ್ಣದಲ್ಲಿ ಹಸಿರು ಛಾಯೆಯದು, ನೀಲಿ ಛಾಯೆಯದು, ಕಂದು ಛಾಯೆಯದು ಎಂದು ಹಲವಿದ್ದು, ಕೋಟನ್ನು ಬಾಗಿಲ ಬೆಳಕಿಗೆ ಹಿಡಿದು ಹೋಲಿಸದೆ ಅವನ್ನು ಆರಿಸಲಾಗುವುದಿಲ್ಲ. ಬೆರಳಿನ ನಡುವೆ ಉಜ್ಜಿ ನೋಡದೆ ಅಸ್ತರಿನ ಬಟ್ಟೆ ಕೊಳ್ಳುವುದಂತೂ ನನಗೆ ಒಪ್ಪಿಗೆಯಾಗದ ವ್ಯಾಪಾರ.

ಆದ್ದರಿಂದ ರವಿಕೆಯ ಸಾಮಾನಿನಲ್ಲೇ ಕೋಟನ್ನು ಮುಗಿಸುವುದೆಂದು ತೀರ್ಮಾನಿಸಿ, ಅಸ್ತರನ್ನು ಎರಡು ಪಾಲು ಮಾಡಿದೆ. ತೋಳಿನ ಒಳಗೆ ಜಾರುವ ಬಟ್ಟೆ ಇರಲೇಬೇಕು, ಇಲ್ಲದಿದ್ದರೆ ಕೋಟು ತೊಡುವಾಗ ಷರ್ಟಿನ ತೋಳು ಮೇಲಕ್ಕೆ ಸುತ್ತಿಕೊಂಡು ಹೋಗುತ್ತದೆ. ಅದಕ್ಕೆ ಮ್ಯಾಚಿಂಗ್ ಸೆಂಟರಿನ ಪಾಲಿಯೆಸ್ಟರ್ ಸ್ಯಾಟಿನ್ ಸಾಕು. ಮೈಭಾಗಕ್ಕೆ ಅದೇ ಸ್ಯಾಟಿನ್ ಹಾಕಿದರೆ ಮದುವೆಯ ಛತ್ರದ ಸೆಕೆಯಲ್ಲಿ, ಹೋಮದ ಎದುರು, ತೊಟ್ಟವರ ಬೆನ್ನು ಬೆಂದುಹೋಗುತ್ತದೆ. ಅಲ್ಲಿಗೆ ರವಿಕೆಗೆ ಹಾಕುವ ಒಳ್ಳೆಯ ಹತ್ತಿಯ ಲೈನಿಂಗನ್ನೇ ಆರಿಸಿದೆ. ತೋಳಿಗೊಂದು, ಮೈಗೊಂದು ಬಗೆಯ ಅಸ್ತರು ಹಾಕುವುದು ಕೋಟಿನ ದರ್ಜಿಗಳಲ್ಲಿ ಮೊದಲಿನಿಂದಲೂ ಇರುವ ಪದ್ಧತಿಯೇ ಆಗಿರುವುದರಿಂದ ಇದು ತೇಪೆಯ ಕೆಲಸವೆಂದು ಯಾರೂ ಹೇಳುವಂತಿಲ್ಲ. ಹತ್ತಿಯ ಲೈನಿಂಗನ್ನು ಕತ್ತರಿಸುವ ಮೊದಲು ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಹಿಂಡದೆ ನೆರಳಿನಲ್ಲಿ ಒಣಗಿಸಬೇಕು. ೪೪ ಅಂಗುಲ ಪನ್ನದ ಎರಡು ಮೀಟರ್ ಬಟ್ಟೆ ಒಣಗಿದ ಮೇಲೆ ಉದ್ದದಲ್ಲಿ ಎರಡು ಅಂಗುಲದಷ್ಟು ಕಡಮೆಯಾಗಿತ್ತು. ನೆನೆಸದೆ ಹೊಲಿದಿದ್ದರೆ ಆ ಎರಡು ಅಂಗುಲ ಕೋಟಿನ ಒಳಗೇ ಕುಗ್ಗಿ ಹೊರಬಟ್ಟೆಯನ್ನು ಸುಕ್ಕುಗಟ್ಟಿಸುತ್ತಿತ್ತು.

ಸೂಜಿ ಮತ್ತು ದಾರ

ಸೂಜಿಯಂಥ ಸೂಜಿಯೂ ಸುಲಭವಾಗಿ ಸಿಗದೆ ಹೋದದ್ದಕ್ಕೆ ಕಾರಣವಿದೆ. ಮನೆಯ ಮಿಷನ್ನುಗಳಿಗೆ ಬೇಕಾಗುವುದು ಎಚ್‌ಎ×೧ ಎಂಬ ಬಗೆಯ ಸೂಜಿ. ಅದರ ಮೇಲ್ಭಾಗದ ದಪ್ಪ ಕಾಂಡದ ಒಂದು ಮಗ್ಗುಲು ಚಪ್ಪಟೆಯಾಗಿರುತ್ತದೆ. ಪವರ್ ಮಿಷನ್ನುಗಳ ಸೂಜಿ ಡಿಬಿ×೧. ಅದರ ಕಾಂಡ ಪೂರ್ತಿ ದುಂಡಗೆ, ಇನ್ನೂ ಸಣ್ಣಗೆ ಇರುತ್ತದೆ. ದರ್ಜಿ ಅಂಗಡಿಗಳೆಲ್ಲ ಪವರ್ ಮಿಷನ್ನಿಗೆ ತಿರುಗಿಕೊಂಡಿರುವುದರಿಂದ "ಮಿಷನ್ ಸೂಜಿ ಕೊಡಿ" ಎಂದರೆ ಕೈಗೆ ಬರುವುದು ಎರಡನೆಯದು. ಅದನ್ನು ಉಷಾ ಮಿಷನ್ನಿಗೆ ಹಾಕಿದರೆ ಸ್ಕ್ರೂ ಬಿಗಿಯಾಗಿಯೇ ಕೂರುತ್ತದೆ, ಆದರೆ ಸೂಜಿಯ ಎತ್ತರವೂ ದಿಕ್ಕೂ ಸರಿಹೊಂದದೆ ಕೆಳಗಿನ ದಾರವನ್ನು ಹಿಡಿದಿರುವ ಶಟಲ್ಲಿನ ಮೊನೆಗೆ ದಾರದ ಕುಣಿಕೆ ಸಿಗುವುದಿಲ್ಲ, ಹೊಲಿಗೆ ತಪ್ಪುತ್ತಾ ಹೋಗುತ್ತದೆ. ಕೊಳ್ಳುವಾಗ ಸೂಜಿಯನ್ನು ಎರಡು ಬೆರಳಿನ ನಡುವೆ ಉರುಳಿಸಿ ನೋಡಿದರೆ ಚಪ್ಪಟೆ ಮಗ್ಗುಲು ತಟ್ಟನೆ ತಿಳಿಯುತ್ತದೆ. ಇನ್ನು ದಪ್ಪದ ವಿಷಯ: ಪೊಟ್ಟಣದ ಮೇಲಿನ ೧೪ ಮತ್ತು ೯೦ ಎಂಬ ಎರಡು ಅಂಕಿಗಳು ಒಂದೇ ಅಳತೆಯ ಎರಡು ಹೆಸರು, ೯೦ ಎಂದರೆ ಸೂಜಿಯ ಅಲಗು ಒಂದು ಮಿಲಿಮೀಟರಿನ ನೂರರಲ್ಲಿ ತೊಂಬತ್ತು ಪಾಲು ದಪ್ಪ. ಉಣ್ಣೆಗೆ ೧೪, ಲೈನಿಂಗಿಗೆ ೧೧ನೇ ನಂಬರಿನದು ಸರಿಹೋಯಿತು. ೧೬ ಮತ್ತು ೧೮ ಧಾರಾಳವಾಗಿ ಸಿಗುತ್ತವೆ. ೧೧ ಸಿಕ್ಕದ್ದು ಹೊಲಿಗೆ ಮಿಷನ್ನು ರಿಪೇರಿ ಮಾಡುವವರ ಬಳಿ.

ದಾರಕ್ಕೆ ಬರಗಾಲವಿಲ್ಲ. ಟಿಕೆಟ್ ೧೨೦ರ ಪಾಲಿಯೆಸ್ಟರ್ ದಾರ ಎಲ್ಲ ಬಣ್ಣದಲ್ಲೂ ಇದೆ, ಅಸ್ತರಿಗೂ ಜೇಬಿಗೂ ಅದೇ ಸಾಕು. ಟಿಕೆಟ್ ಸಂಖ್ಯೆ ಹೆಚ್ಚಿದಷ್ಟೂ ದಾರ ತೆಳ್ಳಗಾಗುತ್ತದೆಂಬುದನ್ನು ನೆನಪಿಟ್ಟುಕೊಳ್ಳಬೇಕು, ಏಕೆಂದರೆ ಗುಂಡಿ ತೂರಿಸುವ ಎರಡು ಕಾಜಗಳ ಅಂಚು ಬಿಚ್ಚಿಕೊಂಡಿದ್ದು, ಅವುಗಳ ರಿಪೇರಿಗೆ ೩೦ರ ಹತ್ತಿರದ ದಪ್ಪ ದಾರ ಬೇಕಾಗಿತ್ತು. ಹಿಂದೆ ಕಾಜಕ್ಕೆಂದೇ ಹುರಿಮಾಡಿದ ರೇಷ್ಮೆಯ ದಾರ ಸಣ್ಣ ಉಂಡೆಯಲ್ಲಿ ಬರುತ್ತಿತ್ತು. ರೇಷ್ಮೆಯ ಊರಾದ ಮೈಸೂರಿನಲ್ಲಿ ಅದನ್ನು ಕೇಳಿದರೆ ಸೀರೆಯ ಸೆರಗಿಗೆ ಕುಚ್ಚು ಕಟ್ಟುವ ದಾರದ ಲಡಿಯನ್ನು ತೋರಿಸುತ್ತಾರೆ. ಅದರ ಒಂದು ಎಳೆಯನ್ನು ಮನೆಯಲ್ಲಿ ದೀಪಕ್ಕೆ ಹಿಡಿದೆ. ನಿಜವಾದ ರೇಷ್ಮೆ ಸುಟ್ಟರೆ ಕೂದಲು ಸುಟ್ಟ ವಾಸನೆ ಬಂದು, ತುದಿಯಲ್ಲಿ ಬೆರಳಿಗೆ ಪುಡಿಯಾಗುವ ಕರಿಯ ಉಂಡೆ ಉಳಿಯುತ್ತದೆ. ಇದು ಕಾಗದದಂತೆ ಚುರುಚುರು ಉರಿದು ಬೂದಿಯಾಯಿತು. ಅದು ರೇಯಾನ್, ನೋಡಲು ರೇಷ್ಮೆಗಿಂತ ಹೆಚ್ಚು ಹೊಳೆಯುತ್ತದೆ, ಆದರೆ ಒದ್ದೆಯಾದರೆ ಬಲ ಕಳೆದುಕೊಳ್ಳುತ್ತದೆ, ಬೆರಳಿನ ತಿಕ್ಕಾಟಕ್ಕೆ ಸಿಗುವ ಕಾಜಕ್ಕೆ ನಿಲ್ಲುವುದಿಲ್ಲ. ಕೊನೆಗೆ ಪಾಲಿಯೆಸ್ಟರ್ ದಾರವನ್ನೇ ನಾಲ್ಕು ಎಳೆ ಸೇರಿಸಿ, ಜೇನುಮೇಣದ ತುಂಡಿನ ಮೇಲೆ ಎಳೆದು, ಕಾಗದದ ನಡುವೆ ಇಸ್ತ್ರಿ ಒತ್ತಿ ಮೇಣವನ್ನು ಒಳಗಿಳಿಸಿದೆ. ಈ ದಾರದಲ್ಲಿ ಹೊಲಿದ ಕಾಜ ಹಳೆಯವುಗಳ ಪಕ್ಕದಲ್ಲಿ ಸ್ವಲ್ಪ ಮಂಕಾಗಿ ಕಾಣುತ್ತದೆ, ಗಟ್ಟಿತನದಲ್ಲಿ ಕಡಮೆಯಿಲ್ಲ.

ಕಾಲರು

ಅತಿ ಹೆಚ್ಚು ಯೋಚಿಸಬೇಕಾಗಿ ಬಂದದ್ದು ಇಲ್ಲಿ. ಕ್ಯಾನ್ವಾಸು ಕೇಳಿದ ಕಡೆಯಲ್ಲೆಲ್ಲ ತೋರಿಸಿದ್ದು ರವಿಕೆಯ ಕುತ್ತಿಗೆಗೆ ಅಂಟಿಸುವ ಪೇಸ್ಟಿಂಗ್ ಕ್ಯಾನ್ವಾಸನ್ನು. ಅದರ ಒಂದು ಮಗ್ಗುಲಿನಲ್ಲಿ ಅಂಟಿನ ಸಣ್ಣ ಸಣ್ಣ ಚುಕ್ಕೆಗಳಿರುತ್ತವೆ. ಇಸ್ತ್ರಿಯ ಬಿಸಿಗೆ ಅವು ಕರಗಿ ಬಟ್ಟೆಗೆ ಹಿಡಿದುಕೊಳ್ಳುತ್ತವೆ. ತೆಳುವಾದ, ಸಮತಲದ ಬಟ್ಟೆಗೆ ಇದು ಒಳ್ಳೆಯ ಉಪಾಯ. ಆದರೆ ಉಣ್ಣೆಯ ಮೇಲ್ಮೈ ಏರುಪೇರಾಗಿರುವುದರಿಂದಲೂ, ಕಾರ್ಖಾನೆಯ ಪ್ರೆಸ್ಸಿನಂತೆ ಎಲ್ಲೆಡೆ ಒಂದೇ ಒತ್ತಡ ಕೊಡುವುದು ಕೈ ಇಸ್ತ್ರಿಗೆ ಸಾಧ್ಯವಿಲ್ಲದಿರುವುದರಿಂದಲೂ, ಕೆಲವು ಕಾಲದ ಮೇಲೆ ಅಲ್ಲಲ್ಲಿ ಅಂಟು ಬಿಟ್ಟು ಗುಳ್ಳೆ ಏಳುತ್ತವೆ. ಅಲ್ಲದೆ ಅಂಟಿಸಿದ ಕಾಲರು ಹಲಗೆಯ ತುಂಡಿನಂತೆ ನೆಟ್ಟಗಿರುತ್ತದೆಯೇ ಹೊರತು ಕುತ್ತಿಗೆಯ ಸುತ್ತ ಬಾಗುವುದಿಲ್ಲ.

ಬಳಸಿದ್ದು ಖಾದಿ. ನಂಜನಗೂಡು ತಾಲ್ಲೂಕಿನ ಬದನವಾಳಿನಲ್ಲಿ ಇನ್ನೂ ಕೈನೂಲಿನ ಬಟ್ಟೆ ನೇಯುತ್ತಾರೆ. ಅಂಥ ದಪ್ಪ, ಬಣ್ಣ ಹಾಕದ ಖಾದಿಯನ್ನು ಎರಡು ಪದರವಾಗಿ ಕತ್ತರಿಸಿಕೊಂಡೆ. ಒಂದರ ಎಳೆ ನೇರವಾಗಿ, ಇನ್ನೊಂದರದು ಓರೆಯಾಗಿ ಬರುವಂತೆ ಇಟ್ಟರೆ ಎರಡೂ ಸೇರಿ ಬಿಗಿಯಾಗುತ್ತವೆ, ಬಾಗಲೂ ಬಿಡುತ್ತವೆ. ಅವಕ್ಕೆ ಗಂಜಿಯ ಬಲ ಬೇಕು. ಕುರುಬರು ಕಂಬಳಿ ನೇಯುವಾಗ ಉಣ್ಣೆಯ ನೂಲಿಗೆ ಹುಣಸೆ ಬೀಜದ ಗಂಜಿ ಹಚ್ಚುವುದು ನಮ್ಮ ಕಡೆ ಗೊತ್ತಿರುವ ಸಂಗತಿ. ಅದನ್ನೇ ಇಲ್ಲಿ ಅನುಸರಿಸಿದೆ. ಹುಣಸೆ ಬೀಜವನ್ನು ಹುರಿದು ಕೆಂಪು ಸಿಪ್ಪೆ ತೆಗೆದು, ರಾತ್ರಿ ನೆನೆಹಾಕಿ, ನುಣ್ಣಗೆ ರುಬ್ಬಿ, ನೀರು ಬೆರೆಸಿ ಸಣ್ಣ ಉರಿಯಲ್ಲಿ ತಿರುವುತ್ತಿದ್ದರೆ ಸ್ವಲ್ಪ ಹೊತ್ತಿಗೆ ಬೆಳ್ಳಗಿದ್ದದ್ದು ತಿಳಿಯಾಗಿ ಎಳೆಎಳೆಯಾಗಿ ಬೀಳತೊಡಗುತ್ತದೆ. ಅದನ್ನು ಬಟ್ಟೆಯಲ್ಲಿ ಸೋಸಿ, ಖಾದಿಯ ಪದರಗಳಿಗೆ ಅಂಗೈಯಿಂದ ತಿಕ್ಕಿ, ಚೊಂಬೊಂದರ ಸುತ್ತ ಸುತ್ತಿ ಒಣಗಿಸಿದೆ. ಚೊಂಬಿನ ಸುತ್ತಳತೆ ಮಾವನ ಕುತ್ತಿಗೆಗೆ ಹತ್ತಿರವಿದ್ದದ್ದರಿಂದ ಖಾದಿ ಆ ಬಾಗಿನಲ್ಲೇ ಗಡುಸಾಯಿತು. ನೀರಿಗೆ ಹಾಕುವ ಬಟ್ಟೆಗೆ ಈ ಗಂಜಿ ಉಪಯೋಗವಿಲ್ಲ, ಒಗೆದರೆ ಹೋಗುತ್ತದೆ. ಕೋಟನ್ನು ಯಾರೂ ನೀರಿಗೆ ಹಾಕುವುದಿಲ್ಲ. ಗಂಜಿಗೆ ಹುಳು ಬರಬಹುದಾದ್ದರಿಂದ ಪೆಟ್ಟಿಗೆಯಲ್ಲಿ ಒಣಗಿದ ಬೇವಿನ ಎಲೆಯ ಗಂಟಿಡಲು ಹೇಳಿದ್ದೇನೆ.

ಒಣಗಿದ ಖಾದಿಯನ್ನು ಕಾಲರಿನ ಒಳಬಟ್ಟೆಗೆ ಕೈಯಿಂದಲೇ ಹೊಲಿದೆ. ಎಡಗೈ ತೋರುಬೆರಳಿನ ಮೇಲೆ ಕಾಲರನ್ನು ಬಾಗಿಸಿ ಹಿಡಿದು, ಅರ್ಧ ಅಂಗುಲದ ಓರೆ ಹೊಲಿಗೆಗಳನ್ನು ಸಾಲುಸಾಲಾಗಿ ಹಾಕುತ್ತಾ ಹೋದರೆ ಪ್ರತಿ ಹೊಲಿಗೆಯೂ ಆ ಬಾಗನ್ನು ಹಿಡಿದಿಡುತ್ತದೆ. ಸೂಜಿ ಆ ಒಳಬಟ್ಟೆಯ ಒಂದೇ ಒಂದು ನೂಲನ್ನು ಎತ್ತಿಕೊಳ್ಳಬೇಕು. ಉಳಿದ ಖಾದಿಯಲ್ಲಿ, ಗಂಜಿ ಹಾಕದೆ, ಎರಡೂ ಜೇಬಿನ ಚೀಲ ಹೊಲಿದೆ; ನಾಣ್ಯಕ್ಕೂ ಬೀಗದ ಕೈಗೂ ಅದು ಹಳೆಯದಕ್ಕಿಂತ ಹೆಚ್ಚು ಕಾಲ ತಡೆಯುತ್ತದೆ.

ಹುಕ್ಕು, ಗುಂಡಿ

ಕಾಲರಿಗೆಂದೇ ಬರುತ್ತಿದ್ದ ಅಗಲದ ಹುಕ್ಕು ಎಲ್ಲಿಯೂ ಇರಲಿಲ್ಲ. ಪ್ಯಾಂಟಿನ ಪಟ್ಟಿ ಹುಕ್ಕು ತೀರ ದಪ್ಪ. ಇಲ್ಲಿಯೂ ರವಿಕೆಯೇ ನೆರವಿಗೆ ಬಂತು: ದೊಡ್ಡ ಸೈಜಿನ ರವಿಕೆ ಹುಕ್ಕುಗಳನ್ನು ಮೇಲೊಂದು ಕೆಳಗೊಂದು ಇಟ್ಟು, ಎದುರಿಗೆ ಲೋಹದ ಕಣ್ಣಿನ ಬದಲು ಮೇಣ ಹಚ್ಚಿದ ದಾರದಲ್ಲಿ ಕಣ್ಣು ಹೊಲಿದೆ. ಕೊಳ್ಳುವಾಗ ಅಯಸ್ಕಾಂತದ ಚೂರೊಂದನ್ನು ಜೊತೆಗೆ ಒಯ್ಯುವುದು ಒಳ್ಳೆಯದು; ಅದಕ್ಕೆ ಅಂಟುವ ಹುಕ್ಕು ಕಬ್ಬಿಣದ್ದು, ಮೇಲಿನ ಹೊಳಪು ಸವೆದ ಮೇಲೆ ಬೆವರಿಗೆ ತುಕ್ಕು ಹಿಡಿದು ಕಾಲರಿಗೆ ಕಲೆ ಬೀಳುತ್ತದೆ. ಹಿತ್ತಾಳೆಯದು ಅಂಟುವುದಿಲ್ಲ.

ಗುಂಡಿಯ ಅಳತೆಗೆ ವ್ಯಾಪಾರದಲ್ಲಿ ಲೈನ್ ಎಂಬ ಮಾನವಿದೆ. ೪೦ ಲೈನ್‌ಗೆ ಒಂದು ಅಂಗುಲ. ಷರ್ಟಿನ ಗುಂಡಿ ಸಾಮಾನ್ಯವಾಗಿ ೧೮, ಈ ಕೋಟಿನದು ೩೨, ಅಂದರೆ ೨೦ ಮಿಲಿಮೀಟರ್. "ಕೋಟಿನ ಗುಂಡಿ" ಎಂದು ಕೇಳಿದರೆ ಇಲ್ಲವೆನ್ನುವವರು "೩೨ರದು" ಎಂದರೆ ಒಮ್ಮೆಯಾದರೂ ಡಬ್ಬಿ ತೆರೆದು ನೋಡುತ್ತಾರೆ. ಸಿಕ್ಕಿದ್ದು ಸಿದ್ಧ ಉಡುಪಿನ ಮಳಿಗೆಯೊಂದರ ಮುಂದೆ ಮಿಷನ್ನು ಇಟ್ಟುಕೊಂಡು ಪ್ಯಾಂಟಿನ ಉದ್ದ ಕಡಮೆ ಮಾಡಿಕೊಡುವ ಆಲ್ಟರೇಷನ್ ದರ್ಜಿಯ ಬಳಿ. ಬಿಡಿ ಗುಂಡಿ, ಬಿಡಿ ಜಿಪ್ಪು ಎಲ್ಲಿ ಸಿಗುತ್ತವೆಂಬುದು ಪೇಟೆಯಲ್ಲಿ ಈಗ ನಿಜವಾಗಿ ತಿಳಿದಿರುವುದು ಇವರಿಗೆ. ಬಟ್ಟೆ ಅಂಗಡಿಗಿಂತ ಮೊದಲು ಇವರನ್ನು ಕೇಳುವುದೇ ಮೇಲು. ಅವರ ಬಿಸ್ಕತ್ತಿನ ಡಬ್ಬಿಯಲ್ಲಿದ್ದ ಗುಂಡಿ ಅಳತೆಗೆ ಸರಿಯಾಗಿತ್ತು, ಬಣ್ಣ ಮಾತ್ರ ಒಂದು ಛಾಯೆ ಗಾಢ. ಅದನ್ನು ಎಲ್ಲಕ್ಕಿಂತ ಕೆಳಗಿನ ಸ್ಥಾನಕ್ಕೆ ಹಾಕಿ, ಅಲ್ಲಿದ್ದ ಹಳೆಯ ಗುಂಡಿಯನ್ನು ಮೇಲಕ್ಕೆ ತಂದೆ.

ಕೂಡಿಸಿದ್ದು

ನುಸಿ ತಿಂದ ತೂತುಗಳನ್ನು ಮೊದಲು ರಫ್ಫು ಮಾಡಿದೆ. ಅದಕ್ಕೆ ನೂಲನ್ನು ಹೊರಗೆ ಹುಡುಕಬಾರದು. ಕೆಳಅಂಚಿನ ಒಳಮಡಿಕೆಯಿಂದ ಉಣ್ಣೆಯ ಎಳೆಗಳನ್ನೇ ಎಳೆದುಕೊಂಡರೆ ಬಣ್ಣದ ಪ್ರಶ್ನೆ ಏಳುವುದಿಲ್ಲ. ಆಮೇಲೆ ಜೇಬು, ಕಾಲರು, ಕೊನೆಗೆ ಅಸ್ತರು. ಮೈಭಾಗದ ತುಂಡುಗಳನ್ನು ಮಿಷನ್ನಿನಲ್ಲಿ ಕೂಡಿಸಿ, ಬೆನ್ನಿನ ಮಡಿಕೆಯನ್ನು ಮೇಲೆ ಎರಡು ಅಂಗುಲ, ಸೊಂಟದ ಬಳಿ ಒಂದು ಅಂಗುಲ ಮಾತ್ರ ಹೊಲಿದು ಉಳಿದದ್ದನ್ನು ಬಿಟ್ಟುಕೊಟ್ಟೆ. ಕೋಟಿಗೆ ಇಟ್ಟು ಕಚ್ಚಾ ಹೊಲಿಗೆ ಹಾಕಿ, ಮಾವನಿಗೆ ಒಮ್ಮೆ ತೊಡಿಸಿ, ಕೈ ಎತ್ತಿಸಿ ಇಳಿಸಿ ನೋಡಿದ ಮೇಲೆ ಕೈಹೊಲಿಗೆಯಲ್ಲಿ ಭದ್ರಪಡಿಸಿದೆ. ತೋಳಿನ ಅಸ್ತರನ್ನು ಕಂಕುಳ ಸುತ್ತ ಸೇರಿಸುವಾಗ ಅದರ ಸುತ್ತಳತೆ ಮೈಯದಕ್ಕಿಂತ ಸ್ವಲ್ಪ ಹೆಚ್ಚಿರಬೇಕು. ಆ ಹೆಚ್ಚಿನದನ್ನು ಭುಜದ ಮೇಲೆ ಸಣ್ಣ ನೆರಿಗೆಗಳಲ್ಲಿ ಹಂಚಿದೆ. ಕೆಳಅಂಚಿನಲ್ಲಿ ಅಸ್ತರು ಹೊರಬಟ್ಟೆಗಿಂತ ಮುಕ್ಕಾಲು ಅಂಗುಲ ಮೇಲೆ ನಿಲ್ಲುತ್ತದೆ, ಮೇಲೊಂದು ಸಡಿಲ ಮಡಿಕೆ ಬೀಳುತ್ತದೆ. ಉಣ್ಣೆಯ ಮೇಲೆ ಇಸ್ತ್ರಿಯನ್ನು ಎಳೆಯದೆ, ಒದ್ದೆ ಬಟ್ಟೆ ಹಾಸಿ, ಇಟ್ಟು ಎತ್ತುತ್ತಾ ಆವಿಯಲ್ಲೇ ಕೂರಿಸಿದೆ.

ಕಾಲರು ಈಗ ಕೈಬಿಟ್ಟರೂ ನಿಲ್ಲುತ್ತದೆ, ಹುಕ್ಕುಗಳು ಬಿಗಿಯಾಗಿ ಕೂಡುತ್ತವೆ. ಬಲತೋಳಿನ ತುದಿಯಲ್ಲಿ ಉಣ್ಣೆ ಸವೆದು ನೂಲು ಕಾಣುತ್ತಿದೆ. ಅದಕ್ಕೆ ಸುತ್ತಲೂ ಕಟ್ಟಬೇಕಾದ ಉಣ್ಣೆಯ ಪಟ್ಟಿ ಇನ್ನೂ ಸಿಕ್ಕಿಲ್ಲ. ಸದ್ಯಕ್ಕೆ ಎರಡೂ ತೋಳುಗಳ ಅಂಚನ್ನು ಕಾಲು ಅಂಗುಲ ಒಳಕ್ಕೆ ಮಡಚಿ ಹೊಲಿದು ಕೋಟನ್ನು ಕೊಟ್ಟಿದ್ದೇನೆ.